ಬಿಳಿ ಹೊಟ್ಟೆಯ ಕಾಗೆ

ಸ್ಯಾನ್ ಡಿಯಾಗೋದ ಕರ್ನಿ ಮೆಸಾದಲ್ಲಿ ನಮ್ಮ ಆಫೀಸಿನ ಹಿಂದಿನ ಬೀದಿಯಲ್ಲಿ ಒಂದು ಕೊರಿಯನ್ ಹೋಟೆಲು ಇದೆ. ಹೋದ ವಾರ ಮಧ್ಯಾಹ್ನ ಮೊದಲ ಸಲ ಅಲ್ಲಿಗೆ ಊಟಕ್ಕೆ ಹೋಗಿದ್ದೆ. ತರಕಾರಿ ಹಾಕಿದ ಅನ್ನದ ಬಟ್ಟಲು ಹೇಳಿ ಕೂತು ತಲೆ ಎತ್ತಿದರೆ ಎದುರು ಗೋಡೆಯ ಮೇಲೆ ಒಂದು ಚಿತ್ರ. ಕೆಳಗೆ ಬೆಕ್ಕಿನಂಥ ಮುಖದ ಹುಲಿ, ಮೇಲೆ ಪೈನ್ ಮರದ ಕೊಂಬೆ, ಕೊಂಬೆಯಲ್ಲಿ ಉದ್ದ ಬಾಲದ ಕಪ್ಪು ಬಿಳುಪು ಹಕ್ಕಿ. ನನ್ನ ಕೈ ತಾನಾಗಿಯೇ ನೆತ್ತಿಯ ಮೇಲೆ ಹೋಯಿತು. ಬಟ್ಟಲು ತಂದಿಟ್ಟ ಒಡತಿ ನಾನು ಚಿತ್ರ ನೋಡುತ್ತಿದ್ದುದನ್ನು ಕಂಡು ಖುಷಿಯಿಂದ ಹೇಳಿದರು: ತಮ್ಮ ಊರಲ್ಲಿ ಬೆಳಿಗ್ಗೆ ಈ ಹಕ್ಕಿ ಮನೆಯ ಮುಂದೆ ಕೂಗಿದರೆ ಬೇಕಾದವರು ಬರುತ್ತಾರೆ, ಒಳ್ಳೆಯ ಸುದ್ದಿ ಬರುತ್ತದೆ ಎಂದು ನಂಬುತ್ತಾರಂತೆ. ನಾನು ತಲೆಯಾಡಿಸಿದೆ. ಅರ್ಧ ಊಟ ಬಿಟ್ಟು ಎದ್ದು ಬಂದು, ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡೆ. ನಾನು ಸತ್ತ ವರ್ಷ ನೆನಪಾಗಿತ್ತು.

ಅದು 2021. ಆಗ ನಾವು ಲಾಸ್ ಏಂಜಲೀಸಿನ ಅಂಚಿನಲ್ಲಿರುವ ಚಾಟ್ಸ್‌ವರ್ತ್‌ನಲ್ಲಿ, ಒಂದು ಹಳೆಯ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಇದ್ದೆವು. ನಾವು ಎಂದರೆ ಹೆಚ್ಚಿನ ದಿನ ನಾನು ಮತ್ತು ಅವ್ವ ಇಬ್ಬರೇ. ಗಂಡ ಗಿರೀಶನ ಕೆಲಸ ಸ್ಯಾನ್ ಡಿಯಾಗೋದಲ್ಲಿ, ಲ್ಯಾಬಿನದು, ಮನೆಯಿಂದ ಮಾಡುವಂಥದ್ದಲ್ಲ. ಶುಕ್ರವಾರ ಸಂಜೆ ಬಂದರೆ ಸೋಮವಾರ ಬೆಳಗಾಗುವ ಮೊದಲೇ ಹೊರಡುತ್ತಿದ್ದ. ನಾನು ಹತ್ತು ನಿಮಿಷದ ದೂರದ ಒಂದು ಸಣ್ಣ ಕಾರ್ಖಾನೆಯಲ್ಲಿ ಆಕ್ಸಿಜನ್ ಸಿಲಿಂಡರಿಗೆ ಕೂಡಿಸುವ ರೆಗ್ಯುಲೇಟರ್‌ಗಳನ್ನು ಪರೀಕ್ಷೆ ಮಾಡುತ್ತಿದ್ದೆ. ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಎಲ್ಲಾದರೂ ಗುಳ್ಳೆ ಏಳುತ್ತದೆಯೇ ಎಂದು ನೋಡುವುದು, ಎದ್ದರೆ ಬದಿಗಿಡುವುದು. ಆ ವರ್ಷ ನಮಗೆ ರಜೆಯೇ ಇರಲಿಲ್ಲ.

ಅವ್ವ ಗದಗಿನವಳು, ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತಳಾದವಳು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆರು ತಿಂಗಳು ಇದ್ದು ಹೋಗೋಣವೆಂದು 2020ರ ಜನವರಿಯಲ್ಲಿ ಬಂದವಳು ವಿಮಾನ ನಿಂತು ಇಲ್ಲೇ ಉಳಿದಳು. ವೀಸಾ ಎರಡು ಸಲ ಎಕ್ಸ್‌ಟೆಂಡ್ ಮಾಡಿಸಿದ್ದೆವು. ಹೊರಗೆ ಹೋಗುವಂತಿಲ್ಲ, ಮಾತಾಡಲು ಜನವಿಲ್ಲ. ಬಾಲ್ಕನಿಯೇ ಅವಳ ಅಂಗಳವಾಗಿತ್ತು.

ಮಾರ್ಚ್ ಮೊದಲ ವಾರ ಅಪ್ಪನ ತಿಥಿ ಬಂತು. ಅವ್ವ ಹೋಳಿಗೆ, ಬದನೆಕಾಯಿ ಪಲ್ಯ, ಅನ್ನ ಮಾಡಿ ಕಾಗದದ ತಟ್ಟೆಯಲ್ಲಿ ಎಡೆ ಬಡಿಸಿ ಬಾಲ್ಕನಿಯ ಕಟ್ಟೆಯ ಮೇಲೆ ಇಟ್ಟಳು. ಕಾಗೆ ಬಂದು ಮುಟ್ಟದೆ ನಾವು ಊಟ ಮಾಡುವಂತಿಲ್ಲ. ಎದುರಿನ ಕರೆಂಟ್ ಕಂಬದ ಮೇಲೆ ಮೂರು ಕಾಗೆಗಳು ಕೂತಿದ್ದವು. ಒಂದೂ ಇತ್ತ ನೋಡಲಿಲ್ಲ. ಒಂದು ಗಂಟೆ ಕಾದೆವು. ಅವ್ವನ ಕಣ್ಣು ತುಂಬಿ ಬಂದಿತ್ತು. ಅಪ್ಪನಿಗೆ ಏನೋ ಸಿಟ್ಟಿದೆ, ಇಷ್ಟು ದೂರ ಬಂದು ಕೂತಿದ್ದೇನಲ್ಲ ಎಂದಳು.

ಆಗ ಎಲ್ಲಿಂದಲೋ ಈ ಹಕ್ಕಿ ಬಂತು. ತಲೆ ಬೆನ್ನು ಕಪ್ಪು, ಹೊಟ್ಟೆ ಹಾಲಿನ ಬಿಳುಪು, ರೆಕ್ಕೆಯಲ್ಲಿ ಹೊಳೆಯುವ ನೀಲಿ, ಹಳದಿ ಕೊಕ್ಕು, ಮೈಗಿಂತ ಉದ್ದದ ಬಾಲ. ಒಂದಿಷ್ಟೂ ಅಂಜಿಕೆಯಿಲ್ಲದೆ ತಟ್ಟೆಯ ಪಕ್ಕ ಇಳಿದು, ಹೋಳಿಗೆಯ ತುಂಡು ಕಿತ್ತು, ಅವ್ವನ ಮುಖವನ್ನೇ ನೋಡುತ್ತ ತಿಂದಿತು. ಇದು ಕಾಗೆಯೇ ಎಂದು ಅವ್ವ ಕೇಳಿದಳು. ನಾನು ಫೋನಿನಲ್ಲಿ ಹುಡುಕಿ, ಇದಕ್ಕೆ ಮ್ಯಾಗ್‌ಪೈ ಅನ್ನುತ್ತಾರೆ, ಈ ಊರಿನದಲ್ಲ, ಉತ್ತರದ ಕಣಿವೆಗಳಲ್ಲಿ ಇರುತ್ತದಂತೆ, ಆದರೆ ಕಾಗೆಯ ಕುಲವೇ ಎಂದು ಹೇಳಿದೆ. ಹಸಿವಾಗಿತ್ತು, ಊಟಕ್ಕೆ ಕೂರಬೇಕಿತ್ತು, ಅದಕ್ಕೇ ಕುಲದ ಮಾತನ್ನು ಒತ್ತಿ ಹೇಳಿದೆ. ಅವ್ವ ಕೈ ಮುಗಿದು ಒಳಗೆ ಬಂದಳು.

ಅಂದಿನಿಂದ ಅದು ದಿನವೂ ಬರತೊಡಗಿತು. ಅವ್ವ ಅದಕ್ಕೆ ಬಿಳಿ ಹೊಟ್ಟಿ ಕಾಗಿ ಎಂದು ಹೆಸರಿಟ್ಟಳು. ಬೆಳಿಗ್ಗೆ ಏಳಕ್ಕೆ ಒಂದು ಹಿಡಿ ಅನ್ನ. ತಡವಾದರೆ ಗಾಜಿನ ಬಾಗಿಲನ್ನು ಕೊಕ್ಕಿನಿಂದ ಟಕಟಕ ಬಡಿಯುತ್ತಿತ್ತು. ಬಟ್ಟೆಗೆ ಹಾಕಿದ ಕ್ಲಿಪ್ಪು ಕಿತ್ತು ಕೆಳಗೆ ಒಗೆಯುವುದು, ಚಮಚ ಹೊತ್ತೊಯ್ಯುವುದು, ಗಿರಣಿಯ ಹಳೇ ಬೆಲ್ಟಿನಂತೆ ಕಟಕಟ ಸದ್ದು ಮಾಡುವುದು. ಅವ್ವ ಅದಕ್ಕೆ ಗದಗಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಒಂದು ವರ್ಷದ ಮೇಲೆ ಅವಳ ನಗು ಕೇಳಿಸಿದ್ದು ಆ ದಿನಗಳಲ್ಲೇ.

ನನ್ನ ಕೆಲಸದಲ್ಲಿ ಸೂಪರ್‌ವೈಸರ್ ಆಗಿದ್ದ ಟ್ರೇಸಿ ಇಂಗ್ಲೆಂಡಿನ ಹಳ್ಳಿಯೊಂದರಿಂದ ಬಂದವಳು. ಹಕ್ಕಿಯ ಫೋಟೋ ತೋರಿಸಿದಾಗ ಅವಳು ಹುಬ್ಬು ಗಂಟಿಕ್ಕಿ, ಒಂದೇ ಬರುತ್ತದೆಯೋ ಎರಡೋ ಎಂದು ಕೇಳಿದಳು. ಒಂದೇ ಎಂದೆ. ತಮ್ಮ ಕಡೆ ಒಂಟಿ ಮ್ಯಾಗ್‌ಪೈ ಕಂಡರೆ ದುಃಖ, ಜೋಡಿ ಕಂಡರೆ ಸಂತೋಷ ಎನ್ನುತ್ತಾರೆ, ಒಂಟಿ ಕಂಡಾಗ ಸಲಾಮು ಹೊಡೆದು ನಿನ್ನ ಹೆಂಡತಿ ಹೇಗಿದ್ದಾಳೆ ಎಂದು ವಿಚಾರಿಸಬೇಕು, ಆಗ ಕೇಡು ತಟ್ಟದು ಎಂದಳು. ನಕ್ಕೆವು. ಅದು ಗಾಜು ಬಡಿಯುತ್ತದೆ ಎಂದು ನಾನು ಹೇಳಿದಾಗ ಮಾತ್ರ ಟ್ರೇಸಿ ನಗಲಿಲ್ಲ. ಕಿಟಕಿ ಬಡಿದರೆ ಏನು ಅರ್ಥ ಎಂದು ಕೇಳಿದ್ದಕ್ಕೆ, ಅದೆಲ್ಲ ಅಜ್ಜಿಯರ ಮಾತು ಬಿಡು ಎಂದು ತೊಟ್ಟಿಯ ಕಡೆ ತಿರುಗಿದಳು. ನಾನೇ ಹುಡುಕಿ ಓದಿದೆ. ಆ ಮನೆಯಲ್ಲಿ ಒಬ್ಬರು ಹೋಗುತ್ತಾರೆ ಎಂದಿತ್ತು. ಅವ್ವನಿಗೆ ಹೇಳಲಿಲ್ಲ. ಆದರೆ ಮರುದಿನ ಪಾರ್ಕಿಂಗ್ ಲಾಟಿನಲ್ಲಿ ಆ ಹಕ್ಕಿಯನ್ನು ಕಂಡಾಗ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಹಣೆಗೆ ಕೈಯಿಟ್ಟು ಸಲಾಮು ಮಾಡಿದೆ. ಅಂಜಿಕೆ ನನ್ನೊಳಗೆ ಕಾಲಿಟ್ಟದ್ದು ಅಲ್ಲಿಂದ.

ಏಪ್ರಿಲ್ ಬಂತು. ಇಲ್ಲಿ ಲಸಿಕೆ ಸಿಗತೊಡಗಿ ಜನ ಮಾಸ್ಕ್ ಕೆಳಗಿಳಿಸುತ್ತಿದ್ದರು. ಅಲ್ಲಿ ಊರಲ್ಲಿ ಎರಡನೇ ಅಲೆ ಎದ್ದಿತ್ತು. ಅವ್ವ ಬೆಳಿಗ್ಗೆ ಎದ್ದವಳೇ ಕನ್ನಡಕ ಹಾಕಿಕೊಂಡು ವಾಟ್ಸಾಪ್ ಓದುತ್ತಿದ್ದಳು. ಇಂಥವರು ಹೋದರು, ಅವರ ಮಗ ಆಸ್ಪತ್ರೆಯಲ್ಲಿ, ಇಂಥವರಿಗೆ ಬೆಡ್ ಸಿಗಲಿಲ್ಲ. ಹೆಸರು ಓದಿ, ಆ ಹೆಸರಿನವರು ತನಗೆ ಹೇಗೆ ಗೊತ್ತು ಎಂದು ಹೇಳಿ, ಒಲೆ ಹಚ್ಚುವಳು. ನಾನು ಕಾರ್ಖಾನೆಗೆ ಹೋಗಿ ತೊಟ್ಟಿಯ ಮುಂದೆ ಕೂತು ಗುಳ್ಳೆಗಾಗಿ ಕಣ್ಣು ನೆಟ್ಟರೆ ಆ ಹೆಸರುಗಳೇ ತಲೆಯಲ್ಲಿ ಓಡುತ್ತಿದ್ದವು.

ಆ ತಿಂಗಳ ಕೊನೆಯ ಒಂದು ಮಂಗಳವಾರ, ಬೆಳಿಗ್ಗೆ ಏಳಕ್ಕೆ ಮುಂಚೆ, ನಾನು ಡಬ್ಬಿ ಹಿಡಿದು ಕಾರಿನ ಕಡೆ ಹೋಗುತ್ತಿದ್ದೆ. ಹಿಂದಿನಿಂದ ಗಾಳಿ ಬೀಸಿದಂತಾಯಿತು. ಆಮೇಲೆ ತಲೆಯ ಮೇಲೆ ಭಾರ. ಉಗುರುಗಳು ಕೂದಲೊಳಗೆ ಇಳಿದು ನೆತ್ತಿಯ ಚರ್ಮವನ್ನು ಹಿಡಿದವು. ಕಿವಿಯ ಹತ್ತಿರವೇ ಕಟಕಟ ಸದ್ದು. ಡಬ್ಬಿ ಕೈಬಿಟ್ಟಿತು. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಕೈ ಬೀಸಿದಾಗ ಅದು ಹಾರಿ, ಕಾರಿನ ಮೇಲೆ ಕೂತು, ತಲೆ ಓರೆ ಮಾಡಿ ನೋಡಿತು. ನಾನು ಮೇಲೆ ನೋಡಿದೆ. ಅವ್ವ ಬಾಲ್ಕನಿಯಲ್ಲಿ ಅನ್ನದ ತಟ್ಟೆ ಹಿಡಿದು ನಿಂತಿದ್ದಳು. ಎಲ್ಲವನ್ನೂ ಕಂಡಿದ್ದಳು.

ನಮ್ಮ ಕಡೆ ಕಾಗೆ ತಲೆ ಮುಟ್ಟಿದರೆ ಮೃತ್ಯು ಮುಟ್ಟಿದಂತೆ. ಅದಕ್ಕೆ ಒಂದೇ ಪರಿಹಾರ. ಮುಟ್ಟಿಸಿಕೊಂಡವರು ಸತ್ತರೆಂದು ಹತ್ತಿರದ ಸಂಬಂಧಿಕರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಂಬಿ ಅಳಬೇಕು. ಆ ಕಣ್ಣೀರಿನಿಂದ ಸಾವು ತೀರುತ್ತದೆ. ಆಮೇಲೆ ನಿಜ ಹೇಳಬಹುದು.

ಅವ್ವ ಅದನ್ನೇ ಹೇಳಿದಳು. ನಾನು ಬಟ್ಟೆ ಬದಲಿಸುತ್ತ ಅವಳ ಮೇಲೆ ರೇಗಿದೆ. ಅಲ್ಲಿ ಜನ ನಿಜವಾಗಿಯೇ ಸಾಯುತ್ತಿರುವಾಗ ಸುಳ್ಳು ಸಾವಿನ ಸುದ್ದಿಯೇ, ಅದು ಕಾಗೆಯೂ ಅಲ್ಲ ಎಂದೆ.

ಅವ್ವ ಏರುದನಿ ಮಾಡಲಿಲ್ಲ. “ನಿಮ್ಮಪ್ಪನ ಎಡಿ ಮುಟ್ಟಿದಾಗ ಕಾಗಿ ಅಂದ್ಯಲ್ಲ ನೀಲಾ. ಇವತ್ತ ತಲಿ ಮುಟ್ಟಿದ ಮ್ಯಾಲ ಅಲ್ಲ ಅನ್ನಾಕ ಬರ್ತೈತೇನ?”

ತಡವಾಗಿದೆ ಎಂದು ಹೊರಟುಬಿಟ್ಟೆ.

ಆ ದಿನವಿಡೀ ನೆತ್ತಿ ಉರಿಯುತ್ತಿತ್ತು. ಶೌಚಾಲಯದ ಕನ್ನಡಿಯಲ್ಲಿ ನೋಡಿಕೊಂಡರೆ ಬೈತಲೆಯ ಪಕ್ಕ ಎರಡು ಕೆಂಪು ಗೀರು. ಟ್ರೇಸಿಗೆ ಹೇಳಲಿಲ್ಲ. ಮಧ್ಯಾಹ್ನ ಗಿರೀಶನಿಗೆ ಫೋನ್ ಮಾಡಿದಾಗ ಅವನು ನಕ್ಕು, ಸೋಪು ಹಚ್ಚಿ ತೊಳೆದುಕೋ ಎಂದ. ಸಂಜೆ ಮನೆಗೆ ಬರುವಾಗ ರೈಲ್ವೆ ಗೇಟಿನ ಹತ್ತಿರ ಕೆಂಪು ದೀಪ ಕಾಣಲೇ ಇಲ್ಲ. ಒಂದು ಲಾರಿ ಉದ್ದಕ್ಕೆ ಹಾರ್ನ್ ಹೊಡೆಯುತ್ತ ನನ್ನ ಮುಂದಿನಿಂದಲೇ ದಾಟಿ ಹೋಯಿತು. ರಸ್ತೆಬದಿಗೆ ಕಾರು ನಿಲ್ಲಿಸಿ ಸ್ಟಿಯರಿಂಗ್ ಹಿಡಿದು ಕೂತೆ. ಮನೆಗೆ ಬಂದಾಗ ಅವ್ವ ಅದೇ ಕುರ್ಚಿಯಲ್ಲಿ, ಊಟವಿಲ್ಲದೆ, ಮಡಿಲಲ್ಲಿ ಫೋನ್ ಇಟ್ಟುಕೊಂಡು ಕೂತಿದ್ದಳು. ನಾನು ಚಪ್ಪಲಿ ಬಿಟ್ಟು, ಮಾಡು ಎಂದೆ. ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಈ ಮಾತನ್ನು ನಾನು ಯಾರ ತಲೆಗೂ ಕಟ್ಟುವಂತಿಲ್ಲ.

ಅವ್ವ ಆರಿಸಿದ್ದು ತನ್ನ ತಂಗಿಯನ್ನು, ನನ್ನ ಚಿಗವ್ವ ಕಸ್ತೂರಿಯನ್ನು. ಅವ್ವನಿಗೆ ಹಳ್ಳಿಯ ಶಾಲೆಗೆ ವರ್ಗವಾಗಿದ್ದಾಗ ಮೂರು ವರ್ಷ ನನ್ನನ್ನು ಸಾಕಿದವಳು ಅವಳೇ. ನನ್ನ ಮೊದಲ ಜಡೆ ಹಾಕಿದ ಕೈ ಅವಳದು. ನಿಜವಾಗಿ ಅಳುವವರು ಬೇಕು, ಬಾಯಿಮಾತಿಗೆ ಅಳುವವರಲ್ಲ ಎಂದಳು ಅವ್ವ. ಇಲ್ಲಿ ಸಂಜೆ ಏಳು, ಗದಗಿನಲ್ಲಿ ಬೆಳಗಿನ ಏಳೂವರೆ. ಸ್ಪೀಕರ್ ಹಾಕಿದ್ದಳು.

“ಕಸ್ತೂರಿ, ನಮ್ಮ ನೀಲಾ ಹೋದ್ಲವಾ.”

ಆ ಕಡೆಯಿಂದ ಕೆಮ್ಮು. ಮುಗಿಯದ ಕೆಮ್ಮು. ಆ ಕೆಮ್ಮಿನೊಳಗಿಂದಲೇ ಒಂದು ಅಳು ಎದ್ದಿತು. ನನ್ನ ಹೆಸರನ್ನು ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ ನೀಲೂ, ನೀಲೂ ಎಂದು ಎಳೆದು ಕರೆಯುವ ಅಳು. ನಾನು ಅವ್ವನ ಪಕ್ಕದಲ್ಲಿ ಬಾಯಿಗೆ ಕೈ ಅಡ್ಡ ಇಟ್ಟು ಕೂತಿದ್ದೆ. ನನಗಾಗಿ ಯಾರೋ ಅಳುವುದನ್ನು ಬದುಕಿದ್ದು ಕೇಳುವುದು ಎಷ್ಟು ಭಯದ ಸಂಗತಿ ಎಂದು ಯಾರೂ ನನಗೆ ಹೇಳಿರಲಿಲ್ಲ. ಇದ್ದೇನೆ ಚಿಗವ್ವ ಎಂದು ಕೂಗಿಬಿಡಬೇಕು ಎನ್ನಿಸಿತು. ಅವ್ವ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದಿದ್ದಳು. ಲೈನು ಕಟ್ಟಾಯಿತು.

ಹದಿನೈದು ನಿಮಿಷ ಬಿಟ್ಟು ನಿಜ ಹೇಳಬೇಕೆಂದು ಮಾತಾಗಿತ್ತು. ಅವ್ವ ಗಡಿಯಾರ ನೋಡಿ ಫೋನ್ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಸ್ವಿಚ್ ಆಫ್. ಚಿಗವ್ವನ ಮಗ ಬಸುವಿಗೆ ಮಾಡಿದರೆ ಗಂಟೆ ಬಾರಿಸಿ ಬಾರಿಸಿ ನಿಂತಿತು. ನಾನು ಚಿಗವ್ವನ ನಂಬರಿಗೆ ನನ್ನ ಫೋಟೋ ತೆಗೆದು ಕಳಿಸಿದೆ. ನಾನು ಚೆನ್ನಾಗಿದ್ದೇನೆ, ಕಾಗೆ ಮುಟ್ಟಿತ್ತು ಅದಕ್ಕೆ ಹಾಗೆ ಹೇಳಿದೆವು, ಕ್ಷಮಿಸು ಎಂದು ಬರೆದೆ. ವಾಟ್ಸಾಪಿನಲ್ಲಿ ಒಂದೇ ಟಿಕ್ ಬಿತ್ತು. ತಲುಪಿದೆಯೆಂದು ತೋರಿಸುವ ಎರಡನೆಯದು ಬೀಳಲಿಲ್ಲ.

ಎರಡು ದಿನ ಹಾಗೇ ಕಳೆಯಿತು. ಬೇರೆ ಸಂಬಂಧಿಕರನ್ನು ಕೇಳಲು ಅವ್ವನಿಗೆ ಧೈರ್ಯವಿರಲಿಲ್ಲ. ಏನು ಹೇಳಿ ಕೇಳುವುದು. ಫೋನ್ ಸದ್ದಾದಾಗಲೆಲ್ಲ ಇಬ್ಬರೂ ಬೆಚ್ಚುತ್ತಿದ್ದೆವು. ನಾನು ಕಾರ್ಖಾನೆಯಲ್ಲಿ ಒಂದು ರೆಗ್ಯುಲೇಟರನ್ನು ಮೂರು ಸಲ ಮುಳುಗಿಸಿ ನೋಡಿದೆ. ಅವ್ವ ಅನ್ನ ಇಡುವುದನ್ನು ನಿಲ್ಲಿಸಿದ್ದಳು. ಹಕ್ಕಿ ಬಂದು ಗಾಜು ಬಡಿಯುತ್ತಿತ್ತು. ನಾವು ಪರದೆ ಎಳೆದು ಒಳಗೆ ಕೂತಿದ್ದೆವು. ಆ ಟಕಟಕ ನಿಂತಾಗ ಇನ್ನೂ ಹೆಚ್ಚು ಅಂಜಿಕೆಯಾಗುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಕೆಳಗೆ ಟಪಾಲು ಪೆಟ್ಟಿಗೆಗಳ ಹತ್ತಿರ ಒಂದು ಚೀಟಿ ಅಂಟಿಸಿದ್ದರು. ಅದೇ ಹಕ್ಕಿಯ ಫೋಟೋ, ಒಂದು ಫೋನ್ ನಂಬರು. ಅಪಾರ್ಟ್‌ಮೆಂಟಿನ ಮ್ಯಾನೇಜರ್ ಹೆಂಗಸು ಹೇಳಿದ ಪ್ರಕಾರ ಎರಡು ಬೀದಿ ಆಚೆ ಒಬ್ಬಂಟಿ ಮುದುಕರೊಬ್ಬರು ಅದನ್ನು ಮರಿಯಾಗಿದ್ದಾಗ ತಂದು ಸಾಕಿದ್ದರಂತೆ. ತಲೆಯ ಮೇಲಿನ ಟೋಪಿಯಲ್ಲಿ ಕಡಲೆಕಾಯಿ ಇಟ್ಟುಕೊಂಡು ತಿನ್ನಿಸುವುದು ಅವರ ರೂಢಿ. ಫೆಬ್ರವರಿಯಲ್ಲಿ ಅವರನ್ನು ಆಂಬುಲೆನ್ಸಿನಲ್ಲಿ ಒಯ್ದಾಗ ಬಾಗಿಲು ತೆರೆದೇ ಇತ್ತು. ಅವರು ಮನೆಗೆ ಮರಳಲಿಲ್ಲ. ಈಗ ಮನೆ ಖಾಲಿ ಮಾಡಲು ಬಂದ ಮಗಳು ಹಕ್ಕಿಯನ್ನು ಹುಡುಕುತ್ತಿದ್ದಳು.

ಮೇಲೆ ಬಂದು ಅವ್ವನಿಗೆ ಹೇಳಿದೆ. ಅವ್ವ ಪರದೆ ಸರಿಸಿ ಹೊರಗೆ ನೋಡಿದಳು. “ಹಂಗಾರ ಅದು ಹಸದು ಬಂದಿತ್ತೇನ” ಎಂದಳು. ಆಮೇಲೆ ಮುಖಕ್ಕೆ ಸೆರಗು ಒತ್ತಿಕೊಂಡು ಅತ್ತಳು. ಆ ಸಂಜೆಯೇ ಆ ಮುದುಕರ ಮಗಳು ಬಂದು ಪಂಜರದಲ್ಲಿ ಕಡಲೆಕಾಯಿ ಹಾಕಿ ಹಕ್ಕಿಯನ್ನು ಹಿಡಿದುಕೊಂಡು ಹೋದಳು. ನಿಜ ತಿಳಿದ ಮೇಲೆ ಅಂಜಿಕೆ ಹೋಗಬೇಕಿತ್ತು. ಹೋಗಲಿಲ್ಲ. ಸಾವು ನನ್ನನ್ನು ಮುಟ್ಟಿರಲೇ ಇಲ್ಲವೆಂದರೆ ನಾವು ಅದನ್ನು ಯಾರ ಮನೆಗೆ ಕಳಿಸಿದ್ದೆವು?

ಮಗಳು ಹೋದ ಸ್ವಲ್ಪ ಹೊತ್ತಿಗೆ ಬಸುವಿನ ಫೋನ್ ಬಂತು. ಹುಬ್ಬಳ್ಳಿಯಿಂದ. ಅವನ ಅವ್ವನಿಗೆ ಎಂಟು ದಿನದಿಂದ ಜ್ವರ ಇತ್ತಂತೆ, ನಾವು ಗಾಬರಿಯಾಗುತ್ತೇವೆ ಎಂದು ಹೇಳಿರಲಿಲ್ಲವಂತೆ. ಮಂಗಳವಾರ ಇಲ್ಲಿ ಸಂಜೆಯಾಗಿದ್ದಾಗ ಅಲ್ಲಿ ಬುಧವಾರ ಬೆಳಿಗ್ಗೆ, ಒಮ್ಮೆಲೇ ಉಸಿರು ಸಿಗದಂತಾಯಿತಂತೆ. ಬೆಡ್ಡಿಗಾಗಿ ಅಲೆದಾಡಿ ಕೊನೆಗೆ ಒಂದು ಆಸ್ಪತ್ರೆಯಲ್ಲಿ ಸಿಕ್ಕಿದೆ, ಆಕ್ಸಿಜನ್ ಮೇಲೆ ಇದ್ದಾಳೆ, ಒಳಗೆ ಯಾರನ್ನೂ ಬಿಡುತ್ತಿಲ್ಲ. ನಾನು, ಅವಳು ನನ್ನ ಬಗ್ಗೆ ಏನಾದರೂ ಹೇಳಿದಳೇ ಎಂದು ಕೇಳಿದೆ.

“ನಿನ್ನ ಹೆಸರು ತಗೊಂಡು ಅಳಾಕತ್ತಿದ್ಲು ಅಕ್ಕಾ. ಜ್ವರದ ತಾಪ ಅಂತ ತಿಳಕೊಂಡೆ. ಯಾಕ?”

ಅವಳು ಯಾರಿಗೂ ಹೇಳಿರಲಿಲ್ಲ. ನಾನು ಸತ್ತ ಸುದ್ದಿಯನ್ನು ಎದೆಯಲ್ಲಿಟ್ಟುಕೊಂಡು ಒಬ್ಬಳೇ ಆ ವಾರ್ಡಿನೊಳಗೆ ಹೋಗಿದ್ದಳು. ಬಸುವಿಗೆ ಎಲ್ಲವನ್ನೂ ಹೇಳಿದೆ. ಅವನು ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಯಾರನ್ನೋ ಕಾಡಿ ಬೇಡಿ, ಒಳಗಿನ ನರ್ಸಿನ ಫೋನಿನಿಂದ ವಿಡಿಯೋ ಕಾಲ್ ಮಾಡಿಸಿದ. ಬಿಳಿ ಗೌನಿನೊಳಗೆ ಮುಖವೇ ಕಾಣದ ಹುಡುಗಿಯೊಬ್ಬಳು ಫೋನ್ ಹಿಡಿದು ಮಂಚದ ಹತ್ತಿರ ಬಾಗಿದಳು. ಮಾಸ್ಕಿನ ಮೇಲೆ ಚಿಗವ್ವನ ಕಣ್ಣುಗಳಷ್ಟೇ ಕಂಡವು. ನಾನು ಚಿಗವ್ವ, ನಾನು ನೀಲೂ, ಇದ್ದೇನೆ ನೋಡು ಎಂದೆ. ಕಣ್ಣು ಅಗಲವಾದವು. ಒಂದಷ್ಟು ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟಳು. ನರ್ಸ್ ಮತ್ತೆ ಮತ್ತೆ ಕರೆದರೂ ಇತ್ತ ಹೊರಳಲಿಲ್ಲ. ಸಿಟ್ಟಾಗಿದ್ದಾಳೆ, ಆಗಲೇಬೇಕು ಎಂದಳು ಅವ್ವ.

ಚಿಗವ್ವ ಬದುಕಿದಳು. ಹತ್ತೊಂಬತ್ತು ದಿನದ ಮೇಲೆ ಮನೆಗೆ ಬಂದಳು. ಆ ದಿನಗಳನ್ನು ನಾನು ಹೇಗೆ ಕಳೆದೆನೋ ಬರೆಯಲಾರೆ. ಅವ್ವನ ಫೋನನ್ನು ಅವಳು ಎತ್ತಲಿಲ್ಲ, ನನ್ನೊಂದಿಗೆ ಎರಡು ಮಾತು ಆಡಿ ಬಸುವಿಗೆ ಕೊಡುತ್ತಿದ್ದಳು. ಆ ವರ್ಷದ ಕೊನೆಗೆ ಅವ್ವ ಊರಿಗೆ ಹೋದಳು. ಬ್ಯಾಗು ಬಿಚ್ಚುವ ಮೊದಲೇ ತಂಗಿಯ ಮನೆಗೆ ಹೋಗಿ ಬಾಗಿಲಲ್ಲಿ ನಿಂತಳಂತೆ. ಚಿಗವ್ವ ಒಳಗೆ ಕರೆದು ಚಹಾ ಕೊಟ್ಟಳು. ಅಮೆರಿಕದ ಅಕ್ಕಿ, ತರಕಾರಿ, ಚಳಿ ಎಲ್ಲ ವಿಚಾರಿಸಿದಳು. ಅದೊಂದನ್ನು ಮಾತ್ರ ಇಬ್ಬರೂ ಎತ್ತಲಿಲ್ಲ, ಇವತ್ತಿಗೂ ಎತ್ತಿಲ್ಲ. ನಾವು ಸ್ಯಾನ್ ಡಿಯಾಗೋಗೆ ಬಂದೆವು. ನಾನೂ ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಹೋದ ವಾರ, ಆ ಹೋಟೆಲಿನಿಂದ ಅರ್ಧ ಊಟ ಬಿಟ್ಟು ಬಂದ ದಿನ ಸಂಜೆ, ಚಿಗವ್ವನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಾಗಿತ್ತು. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಅವತ್ತು ನನ್ನ ಮೇಲೆ ಬಹಳ ಸಿಟ್ಟು ಬಂದಿತ್ತೇ ಎಂದು ಕೇಳಿಯೇಬಿಟ್ಟೆ. ಯಾವತ್ತು ಎಂದು ಅವಳು ಕೇಳಲಿಲ್ಲ.

“ಸಿಟ್ಟ ಆಮ್ಯಾಲ ಬಂತು, ಮನೀಗೆ ಬಂದ ಮ್ಯಾಲ” ಎಂದಳು. “ಅಲ್ಲಿ ಸಿಟ್ಟಿಲ್ಲವಾ. ಮೊದಲನೇ ದಿನ ಉಸಿರು ಸಿಗವಲ್ದಾಗ ನಾ ಅಂಜಿರಲಿಲ್ಲ. ನೀಲೂ ಮುಂದ ಹೋಗ್ಯಾಳ, ಅಲ್ಲಿ ನಮ್ಮಕೀ ಒಬ್ಬಾಕಿ ಅದಾಳ, ಹೋಗಿ ಸಣ್ಣಕಿದ್ದಾಗಿನಂಗ ಜಡಿ ಹಾಕಿದ್ರಾತು ಅಂತ ಕಣ್ಣ ಮುಚ್ಚಿದ್ದೆ. ಆ ಹುಡುಗಿ ಫೋನ್ ತಂದು ನಿನ್ನ ಮುಖ ತೋರಿಸಿದ್ಲಲ್ಲ, ಆವಾಗ ಅಂಜಿಕಿ ಬಂತು ನೋಡು. ಅಲ್ಲಿ ಯಾರೂ ಇಲ್ಲ ಅನ್ನಿಸಿಬಿಟ್ಟಿತು. ಅದಕ್ಕ ಮುಖ ಹೊಳ್ಳಿಸಿದೆ.”

ಆಮೇಲೆ ಎಂದು ಕೇಳಿದೆ.

“ಆಮ್ಯಾಲೇನ, ಬೋರಲ ಮಲಗು ಅಂದ್ರು, ಮಲಗಿದೆ. ಒಂದೊಂದ ಉಸಿರು ಎಣಿಸಿ ತಗೊಂಡೆ.”

ಅವರೆಕಾಯಿ ಪಾತ್ರೆಗೆ ಬೀಳುವ ಸದ್ದು ಸ್ವಲ್ಪ ಹೊತ್ತು ಕೇಳಿಸುತ್ತಿತ್ತು. ಬಿಸಿಲು ಏರಿತು, ಫೋನ್ ಇಡ್ತೇನವಾ ಎಂದಳು. ಇಡಲಿಲ್ಲ. ನಾನೂ ಇಡಲಿಲ್ಲ.